ರಣಜಿ ಪಂದ್ಯಗಳೂ ಆಟಗಾರರ ಕರ್ತವ್ಯವೂ

ಉತ್ತು, ಬಿತ್ತಿ, ಕಳೆ ತೆಗೆದ ರೈತನು ಸುಗ್ಗಿಯ ದಿನ ತನ್ನ ಕಣವನ್ನು ಬಿಟ್ಟು ನೆರೆಯೂರಿನ ಕಣಕ್ಕೆ ಹೆಚ್ಚಿನ ಕೂಲಿಯ ಆಸೆಯಿಂದ ಹೊರಟನೆಂದರೆ ಊರಿನವರು ಏನೆಂದಾರು? ಅವನನ್ನು ಹಳಿಯುವವರು ಅನೇಕರು. ಕೂಲಿಯ ದರವನ್ನು ಹಾಗೆ ಗೊತ್ತುಮಾಡಿದವರು ಯಾರೆಂದು ವಿಚಾರಿಸುವವರು ವಿರಳ. ನಮ್ಮ ದೇಶದ ಕ್ರಿಕೆಟ್ ಆಟದಲ್ಲಿ ಈಗ ಒದಗಿರುವ ಸ್ಥಿತಿ ಇದೇ ಆಗಿರುವುದರಿಂದ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಯುಕ್ತವೆಂದು ಭಾವಿಸುತ್ತೇವೆ.

ರಣಜಿ ಪಂದ್ಯಾವಳಿಯು 1934ರಲ್ಲಿ ಆರಂಭವಾಯಿತು. ಅದರ ಮೊತ್ತಮೊದಲನೆಯ ಪಂದ್ಯವನ್ನಾಡಿದ ಎರಡು ತಂಡಗಳಲ್ಲಿ ನಮ್ಮ ಮೈಸೂರೂ ಒಂದು. ಮದರಾಸಿನಲ್ಲಿ ನಡೆದ ಆ ಪಂದ್ಯ ಒಂದೇ ದಿನದಲ್ಲಿ ನಮ್ಮ ಸೋಲಿನಿಂದ ಮುಗಿಯಿತು. ಆ ಸೋಲಿನಿಂದ ಹೊರಟ ತಂಡವು 1973-74ರಲ್ಲಿ, ಹದಿನೈದು ವರ್ಷ ಎಡೆಬಿಡದೆ ಗೆದ್ದಿದ್ದ ಮುಂಬಯಿಯನ್ನು ಉಪಾಂತ್ಯದಲ್ಲಿಯೇ ತಡೆದು ಕರ್ನಾಟಕದ ಹೆಸರಿನಲ್ಲಿ ಬಿರುದನ್ನು ತಂದಿತು. 2014-15ರವರೆಗೆ ಎಂಟು ಸಲ ಆ ಗೌರವ ನಮಗೆ ಲಭಿಸಿದೆ.

ಈಚೆಗೆ ಪಂದ್ಯಾವಳಿಯ ವಿಸ್ತಾರ ಬಹಳ ಹೆಚ್ಚಿತು. 2018-19ರಲ್ಲಿ ಬಿಹಾರ, ಉತ್ತರಾಖಂಡ, ಪುದುಚೇರಿ ಮತ್ತು ಈಶಾನ್ಯದ ಆರು ರಾಜ್ಯಗಳು ಏಕಕಾಲದಲ್ಲಿ ಸೇರಿ, ತಂಡಗಳ ಸಂಖ್ಯೆ 37ಕ್ಕೆ ಏರಿತು. ಹೊಸಬರಿಂದ ಆಟದ ಮಟ್ಟ ಕುಸಿಯುವುದೆಂದು ಕೆಲವರು ಆಕ್ಷೇಪಿಸಿದರು. ನಾವು ಆ ಪಕ್ಷದವರಲ್ಲ. ಬಾಗಿಲು ಅಗಲವಾಗುವುದು ಒಳ್ಳೆಯದೆ. ವಿದರ್ಭ, ಸೌರಾಷ್ಟ್ರ, ಮಧ್ಯಪ್ರದೇಶಗಳು ಬಿರುದನ್ನು ಗೆದ್ದುಕೊಂಡದ್ದೂ, 2025ರ ಮಾರ್ಚಿಯಲ್ಲಿ ಕೇರಳವು ಅಂತಿಮ ಪಂದ್ಯವನ್ನಾಡಿದ್ದೂ ಇದಕ್ಕೆ ಸಾಕ್ಷಿ. ಆದರೆ ಬಾಗಿಲನ್ನು ಅಗಲ ಮಾಡಿ, ಮನೆಯ ಹಿರಿಯರೇ ಒಳಗಿಲ್ಲವೆಂದರೆ ಬಂದ ಅತಿಥಿಗಳಿಗೆ ಏನು ಫಲ?

ಈ ತೊಡಕು ನಮ್ಮೊಬ್ಬರದಲ್ಲ. ಅಮೆರಿಕದ ಕಾಲೇಜುಗಳ ಫುಟ್‌ಬಾಲಿನಲ್ಲಿ ಅಂತಿಮ ಘಟ್ಟಕ್ಕೆ ಬರುವ ತಂಡಗಳನ್ನು 2024ರಲ್ಲಿ ನಾಲ್ಕರಿಂದ ಹನ್ನೆರಡಕ್ಕೆ ಏರಿಸಿದರು. ಆದರೂ ಆ ಘಟ್ಟದ ಹೊರಗೆ ಉಳಿದ ಋತ್ವಂತ್ಯದ ಪಂದ್ಯಗಳಿಂದ ಆಟಗಾರರು ಹಿಂದೆ ಸರಿಯುವುದು ನಿಂತಿಲ್ಲ. 2016ರ ಜನವರಿ 1ರಂದು ಜೈಲನ್ ಸ್ಮಿತ್ ಎಂಬ ಯುವಕನು ಅಂಥದೊಂದು ಪಂದ್ಯದಲ್ಲಿ ಮೊಣಕಾಲನ್ನು ಮುರಿದುಕೊಂಡನು. ಅದೇ ವರ್ಷದ ಕೊನೆಯಲ್ಲಿ ಮೆಕ್ಯಾಫ್ರಿ, ಫೋರ್ನೆಟ್ ಎಂಬಿಬ್ಬರು, ವೃತ್ತಿಯ ಆಟಕ್ಕೆ ಶರೀರವನ್ನು ಕಾದುಕೊಳ್ಳಬೇಕೆಂದು ತಮ್ಮ ಕಾಲೇಜಿನ ಕೊನೆಯ ಪಂದ್ಯವನ್ನು ಬಿಟ್ಟರು. ಅದು ಅಲ್ಲಿಂದ ರೂಢಿಯಾಯಿತು. ಪಂದ್ಯಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಅವುಗಳ ಬೆಲೆ ಹೆಚ್ಚುವುದಿಲ್ಲವೆಂಬುದು ಇದರಿಂದ ತಿಳಿಯತಕ್ಕ ಪಾಠ.

ನಮ್ಮಲ್ಲಿ ನಡೆದುದನ್ನು ನೋಡೋಣ. 2020-21ರಲ್ಲಿ, ಸಾಂಕ್ರಾಮಿಕದ ನೆಪದಿಂದ, ರಣಜಿ ಪಂದ್ಯಗಳು ಆರಂಭವಾದಂದಿನಿಂದ ಮೊದಲನೆಯ ಸಲ ನಿಂತುಹೋದವು. ಐ.ಪಿ.ಎಲ್. ಮಾತ್ರ ಸಮುದ್ರ ದಾಟಿ ಅರಬ್ ಸಂಸ್ಥಾನಗಳಲ್ಲಿ ನಡೆಯಿತು. 2022ರಲ್ಲಿ ರಣಜಿಯ ಮೊದಲನೆಯ ಘಟ್ಟವನ್ನು ಐ.ಪಿ.ಎಲ್.ಗೆ ಮುಂಚೆ ಮುಗಿಸಿ, ಕೊನೆಯ ಘಟ್ಟವನ್ನು ಜೂನ್ ತಿಂಗಳಿಗೆ ತಳ್ಳಿದರು. 2024-25ರಲ್ಲಿ ಋತುವನ್ನೇ ಎರಡು ಹೋಳು ಮಾಡಿ ನಡುವೆ ಕಿರು ಪಂದ್ಯಗಳನ್ನು ಸೇರಿಸಿದರು. ಹೀಗೆ ಬೇಕಾದಲ್ಲಿ ಕತ್ತರಿಸಿ ಬೇಕಾದಲ್ಲಿ ಹೊಲಿಯುವ ಬಟ್ಟೆಯನ್ನು ಆಟಗಾರನು ಪೀತಾಂಬರವೆಂದು ತಿಳಿಯಬೇಕೆಂದರೆ ಹೇಗೆ ತಿಳಿದಾನು?

ಆಮೇಲೆ ದಂಡನೆಯ ಕಾಲ ಬಂದಿತು. 2024ರ ಫೆಬ್ರವರಿಯಲ್ಲಿ ಶ್ರೇಯಸ್ ಅಯ್ಯರ್ ಮತ್ತು ಈಶಾನ್ ಕಿಶನ್ ಅವರನ್ನು ಮಂಡಲಿಯು ವಾರ್ಷಿಕ ಒಪ್ಪಂದದಿಂದ ಹೊರಗಿಟ್ಟು, ದೇಶದ ತಂಡದಲ್ಲಿ ಆಡದಿರುವಾಗ ದೇಶೀಯ ಪಂದ್ಯಗಳಿಗೆ ಪ್ರಾಶಸ್ತ್ಯ ಕೊಡಬೇಕೆಂದು ಸಾರಿತು. 2025ರ ಏಪ್ರಿಲಿನಲ್ಲಿ ಇಬ್ಬರನ್ನೂ ಮರಳಿ ಸೇರಿಸಿಕೊಂಡಿತು. ಅದೇ ವರ್ಷದ ಜನವರಿಯಲ್ಲಿ ಕಟ್ಟಳೆಗಳು ಇನ್ನೂ ಬಿಗಿಯಾದ ಮೇಲೆ, ನಮ್ಮ ಕೆ. ಎಲ್. ರಾಹುಲ್ ಅವರು ಸುಮಾರು ಐದು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ಹರಿಯಾಣದ ವಿರುದ್ಧ ಕರ್ನಾಟಕದ ಪರವಾಗಿ ರಣಜಿ ಪಂದ್ಯವನ್ನಾಡಿದರು. ಅದೇ ದಿನ ದೆಹಲಿಯಲ್ಲಿ ವಿರಾಟ್ ಕೊಹ್ಲಿ ಅವರನ್ನು ಕಾಣಲು ಸಹಸ್ರಾರು ಜನ ನೆರೆದರು. ಜನರಿಗೆ ರಣಜಿ ಬೇಡವಾಗಿದೆಯೆಂಬ ಮಾತು ಅಂದೇ ಸುಳ್ಳಾಯಿತು.

ಈಗ ಲೆಕ್ಕಕ್ಕೆ ಬರೋಣ. 2021-22ರಲ್ಲಿ ಗೊತ್ತಾದ ದರದಂತೆ, ಇಪ್ಪತ್ತಕ್ಕೆ ಮೀರದಷ್ಟು ಪಂದ್ಯಗಳನ್ನಾಡಿದ ಯುವಕನಿಗೆ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನಗಳ ಏಳು ಪಂದ್ಯಗಳಿಗೆ ಒಟ್ಟು 11 ಲಕ್ಷ 20 ಸಾವಿರ. ಐ.ಪಿ.ಎಲ್.ನ 2025ರ ಹರಾಜಿನಲ್ಲಿ ಕನಿಷ್ಠ ಬೆಲೆಯೇ 30 ಲಕ್ಷ. ಅದರ ಮೇಲೆ ಆಡಿದ ಪ್ರತಿ ಪಂದ್ಯಕ್ಕೆ ಏಳೂವರೆ ಲಕ್ಷ. ಒಂದು ಸಂಜೆಯ ಆಟಕ್ಕೆ, ನಾಲ್ಕು ದಿನಗಳ ಬಿಸಿಲಿನ ನಾಲ್ಕು ಪಾಲಿಗಿಂತ ಅಧಿಕ ದುಡ್ಡು! ವೇಗದ ಬೌಲರನ ಬೆನ್ನೆಲುಬು ಎಷ್ಟು ವರ್ಷ ಬಾಳುವುದೆಂಬುದನ್ನು ಯಾರೂ ಬರೆದುಕೊಡಲಾರರು. ಅವನು ಲೆಕ್ಕ ಹಾಕಿದರೆ ಅದನ್ನು ದ್ರೋಹವೆನ್ನಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕರ್ತವ್ಯವೆಂಬುದು ಇಲ್ಲವೆ? ಉಂಟು. ದಾವಣಗೆರೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಊರಿನಲ್ಲಿ ಹುಟ್ಟಿದ ಶ್ರೀ ವಿನಯಕುಮಾರರ ನಾಯಕತ್ವದಲ್ಲಿ ಕರ್ನಾಟಕವು 2013-14, 2014-15ರಲ್ಲಿ ಎಡೆಬಿಡದೆ ರಣಜಿ, ಇರಾನಿ, ವಿಜಯ ಹಜಾರೆ ಮೂರನ್ನೂ ಗೆದ್ದಿತು. 2015ರ ಉಪಾಂತ್ಯದಲ್ಲಿ ಮುಂಬಯಿ 44 ಓಟಗಳಿಗೆ ಉರುಳಿದಾಗ ಆರು ವಿಕೆಟುಗಳು ಅವರವು. ಅಂತಿಮ ಪಂದ್ಯದಲ್ಲಿ ಐದು ವಿಕೆಟು ಪಡೆದು ಶತಕವನ್ನೂ ಹೊಡೆದರು. ಅವರೂ ಐ.ಪಿ.ಎಲ್. ಆಡಿದವರೇ. ದೇಶಕ್ಕಾಗಿ ಅವರಿಗೆ ದೊರೆತದ್ದು ಒಂದೇ ಟೆಸ್ಟ್ ಪಂದ್ಯ. ಆದರೂ ರಾಜ್ಯದ ಚೆಂಡನ್ನು ಅವರು ಕಡೆಗಣಿಸಲಿಲ್ಲ.

ಹಿರಿಯರು ಆಡಬೇಕೆಂಬುದಕ್ಕೆ ಮುಖ್ಯ ಕಾರಣ ಕಿರಿಯರ ಶಿಕ್ಷಣ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲವನ್ನು ನೆನೆಯಿರಿ. ಲೇತಿನ ಕೆಲಸವನ್ನು ಹುಡುಗನು ಪುಸ್ತಕದಿಂದ ಕಲಿಯಲಾರ. ನುರಿತವನ ಮಗ್ಗುಲಲ್ಲಿ ನಿಂತು, ಅವನ ಕೈಯನ್ನು ನೋಡಿಯೇ ಕಲಿಯಬೇಕು. ಕಾರ್ಖಾನೆ ಮುಚ್ಚಿತು, ಆ ಮಗ್ಗುಲೂ ಇಲ್ಲವಾಯಿತು. ರಣಜಿ ತಂಡವೂ ಅಂಥ ಕಾರ್ಖಾನೆಯೇ. ನುರಿತವರು ಬಾರದೆ ಹೋದರೆ ಅದು ಬಾಗಿಲು ತೆರೆದಿದ್ದೂ ಮುಚ್ಚಿದಂತೆ.

ಆದಕಾರಣ ನಮ್ಮ ಸೂಚನೆ ಇಷ್ಟೆ. ರಣಜಿಯ ಋತುವನ್ನು ತುಂಡರಿಸದೆ ಒಂದೇ ಸಮನೆ ನಡೆಯಿಸಲಿ. ಕೊನೆಯ ಘಟ್ಟದ ಐದು ದಿನಗಳ ಪಂದ್ಯಗಳಿಗೆ ಸಂಭಾವನೆಯನ್ನು ಘನವಾಗಿ ಏರಿಸಲಿ. 2024ರ ಮಾರ್ಚಿಯಲ್ಲಿ ಟೆಸ್ಟ್ ಆಡುವವರಿಗೆ ಪಂದ್ಯಕ್ಕೆ 45 ಲಕ್ಷದವರೆಗೆ ಹೆಚ್ಚುವರಿ ಗೊತ್ತುಮಾಡಿದ ಮಂಡಲಿಗೆ ಇದು ಅಸಾಧ್ಯವಲ್ಲ. ನೊಂದ ಶರೀರಕ್ಕೆ ವಿರಾಮವನ್ನು ವೈದ್ಯರ ಮಾತಿನಂತೆ ನಿಸ್ಸಂಕೋಚವಾಗಿ ಕೊಡಲಿ. ಇಷ್ಟನ್ನು ಮಾಡಿದ ಮೇಲೂ ಬಾರದವನನ್ನು ದಂಡಿಸಲಿ, ನಾವು ಅಡ್ಡಬರುವುದಿಲ್ಲ.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿಯೂ, ಹರಿಹರದಲ್ಲಿ ತುಂಗಭದ್ರೆಯ ದಡದ ಬಯಲಿನಲ್ಲಿಯೂ ಸಂಜೆಯ ಹೊತ್ತು ಓಡಿಬಂದು ಚೆಂಡೆಸೆಯುವ ಹುಡುಗರಿಗೆ ಹರಾಜಿನ ಮಂಟಪದ ದಾರಿ ತಿಳಿಯದು. ಅವರಿಗೆ ತಿಳಿದಿರುವ ದಾರಿ ಒಂದೇ: ಜಿಲ್ಲೆ, ರಾಜ್ಯ, ದೇಶ. ನಡುವಿನ ಮೆಟ್ಟಿಲು ಮುರಿಯದಂತೆ ನೋಡಿಕೊಳ್ಳುವ ಹೊಣೆ ಅಧಿಕಾರದಲ್ಲಿರುವ ಮಹಾಶಯರದು.