ಕೃತಕ ಶ್ವಾಸವೂ ಕಣ್ಣಿನ ಒಳಒತ್ತಡವೂ

ಕಣ್ಣುಗುಡ್ಡೆಯು ಸುಲಭವಾಗಿ ಹಿಗ್ಗದ ಬಿಳಿಯ ಹೊರಪೊರೆಯಿಂದ ಆವೃತವಾದ ಗೋಲವು. ಅದರ ಒಳಗಿನ ಒತ್ತಡವು ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರುಗಳಷ್ಟಿರುವುದು. ಇದನ್ನು ನಿರ್ಣಯಿಸುವ ಮುಖ್ಯಾಂಶಗಳು ಎರಡು: ಸದಾ ಸ್ರವಿಸಿ ಸಿರೆಗಳಿಗೆ ಹರಿದುಹೋಗುವ ಜಲರಸವು ಒಂದು, ಕೊರಾಯ್ಡ್ ಎಂಬ ನಡುಪದರದ ನಾಳಗಳಲ್ಲಿ ತುಂಬಿರುವ ರಕ್ತವು ಮತ್ತೊಂದು. ಆದುದರಿಂದ ಸಿರೆಗಳಲ್ಲಿ ತಡೆಯುಂಟಾದರೆ ಜಲರಸವು ನಿಲ್ಲುವುದು, ರಕ್ತವೂ ತುಂಬುವುದು.

ಸಹಜ ಶ್ವಾಸದಲ್ಲಿ ಎದೆಗೂಡು ಹಿಗ್ಗಿ ಗಾಳಿಯನ್ನು ಒಳಕ್ಕೆ ಸೆಳೆಯುವುದು. ಅದರೊಡನೆ ರಕ್ತವೂ ಹೃದಯದ ಕಡೆಗೆ ಸೆಳೆಯಲ್ಪಡುವುದು. ಅರಿವಳಿಕೆಯ ಕಾಲದಲ್ಲಿ ಯಂತ್ರವು ಗಾಳಿಯನ್ನು ಒಳಕ್ಕೆ ನೂಕುವುದರಿಂದ ಈ ಕ್ರಮವು ತಲೆಕೆಳಗಾಗುವುದು. ಎದೆಯೊಳಗಿನ ಒತ್ತಡವೇರಿ, ತಲೆಯಿಂದ ಮರಳುವ ರಕ್ತವು ನಿಧಾನಿಸಿ, ಆ ತಡೆಯು ಕತ್ತಿನ ಸಿರೆಗಳ ಮೂಲಕ ಕಣ್ಣನ್ನು ಮುಟ್ಟುವುದು. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಒತ್ತಡವನ್ನು ಉಳಿಸಿದರೆ ಪರಿಣಾಮವು ಹೆಚ್ಚಬಹುದು.

ಇದಕ್ಕೆ ವಿರುದ್ಧವಾದ ಮಾರ್ಗವೂ ಒಂದುಂಟು. ಶ್ವಾಸವು ಸಾಲದಾದರೆ ರಕ್ತದಲ್ಲಿ ಇಂಗಾಲಾಮ್ಲ ವಾಯುವು ಕೂಡಿ, ಕೊರಾಯ್ಡ್ ನಾಳಗಳು ಅರಳಿ, ಒತ್ತಡವೇರುವುದು. ಶ್ವಾಸವು ಅಧಿಕವಾದರೆ ಇಳಿಯುವುದು. ಆದರೆ ಈ ಲಾಭಕ್ಕಾಗಿ ಗಾಳಿಯನ್ನು ಬಲವಾಗಿ ತುಂಬಿದರೆ ಎದೆಯ ಒತ್ತಡವೇ ಏರುವುದು. ವಾಯುವು ತೀರ ಕಡಿಮೆಯಾದರೆ ಮೆದುಳಿನ ನಾಳಗಳೂ ಸಂಕೋಚಿಸುವುವು.

ಪ್ರೊಪೊಫಾಲ್, ಸೆವೊಫ್ಲುರೇನ್ ಮೊದಲಾದ ಅರಿವಳಿಕೆಯ ಔಷಧಗಳು ಕಣ್ಣಿನ ಒತ್ತಡವನ್ನು ತಗ್ಗಿಸುವುದರಿಂದ, ಆರೋಗ್ಯವಾದ ಕಣ್ಣಿನಲ್ಲಿ ಯಂತ್ರದ ಪ್ರಭಾವವು ಬಹುಮಟ್ಟಿಗೆ ಮರೆಯಾಗುವುದು. ರೋಗಿಯು ನಳಿಕೆಯ ಮೇಲೆ ಕೆಮ್ಮಿದರೆ ಅಥವಾ ಮುಕ್ಕಿದರೆ ಉಂಟಾಗುವ ಏರಿಕೆಯು ಇದಕ್ಕಿಂತ ಬಹಳ ದೊಡ್ಡದು. ಆದಕಾರಣ ಅರಿವಳಿಕೆಯ ಆಳವೂ ಸ್ನಾಯುಗಳ ಸಡಿಲಿಕೆಯೂ ಸಾಕಷ್ಟಿರತಕ್ಕದ್ದು.

ಅಪಾಯವು ಎರಡು ಸಂದರ್ಭಗಳಲ್ಲಿ ವಿಶೇಷವಾದುದು. ಗಾಯದಿಂದಲೋ ಶಸ್ತ್ರಕ್ರಿಯೆಯಿಂದಲೋ ತೆರೆದ ಕಣ್ಣಿನಲ್ಲಿ ಕೊರಾಯ್ಡ್ ಉಬ್ಬಿದರೆ, ಒಳಗಿನ ಪದಾರ್ಥಗಳು ಹೊರಕ್ಕೆ ನೂಕಲ್ಪಟ್ಟು ದೃಷ್ಟಿಯೇ ನಷ್ಟವಾಗಬಹುದು. ಗ್ಲಾಕೋಮಾ ರೋಗಿಯಲ್ಲಿ ದೃಷ್ಟಿನರದ ರಕ್ತಪೂರೈಕೆಯನ್ನು ಗಮನಿಸಬೇಕು. ಧಮನಿಗಳ ಸರಾಸರಿ ಒತ್ತಡದಿಂದ ಕಣ್ಣಿನ ಒತ್ತಡವನ್ನು ಕಳೆದರೆ ಈ ಪೂರೈಕೆಯ ಬಲವು ದೊರೆಯುವುದು. ಉದಾಹರಣೆಗೆ, 75ರಲ್ಲಿ 15 ಕಳೆದರೆ 60. ಧಮನಿಯ ಒತ್ತಡವು 60ಕ್ಕೆ ಇಳಿದು ಕಣ್ಣಿನದು 25ಕ್ಕೆ ಏರಿದರೆ ಉಳಿಯುವುದು 35 ಮಾತ್ರ. ಯಂತ್ರಶ್ವಾಸವು ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡುವುದರಿಂದ ಈ ಎರಡು ನಷ್ಟಗಳನ್ನೂ ಒಟ್ಟಿಗೆ ತರಬಲ್ಲದು. ತಲೆಯನ್ನು ತಗ್ಗಿಸಿ ಮಲಗಿಸುವ ದೀರ್ಘ ಶಸ್ತ್ರಕ್ರಿಯೆಗಳಲ್ಲಿ ಈ ಭಯವು ಇನ್ನೂ ಹೆಚ್ಚು.

ಪರಿಹಾರಗಳು ಸರಳವಾದುವು. ಶಸ್ತ್ರಕ್ರಿಯೆಗೆ ಅಡ್ಡಿಯಿಲ್ಲದಿದ್ದರೆ ತಲೆಯನ್ನು ತುಸು ಎತ್ತರಿಸಬೇಕು. ನಳಿಕೆಯ ಕಟ್ಟು ಕತ್ತನ್ನು ಬಿಗಿಯಬಾರದು. ಎದೆಯ ಒತ್ತಡವು ಶ್ವಾಸಕೋಶದ ಅಗತ್ಯವನ್ನು ಮೀರಬಾರದು. ಇಂಗಾಲಾಮ್ಲ ವಾಯುವಿನ ಪ್ರಮಾಣವನ್ನು ಎಡೆಬಿಡದೆ ಅಳೆಯಬೇಕು.