ಲೇಸರ್ ಮುದ್ರಣಕ್ಕೆ ಯಾವ ಕಾಗದ? ಒತ್ತಕ್ಷರ ಉಳಿಯಬೇಕು, ಹಣವೂ ಉಳಿಯಬೇಕು

ತಾಳವಾಡಿ ಬೆಟ್ಟಪ್ರದೇಶದ ಕನ್ನಡ ಮಾಧ್ಯಮದ ಮಕ್ಕಳು ತಮಿಳುನಾಡಿನ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ಅವರಿಗೆ ಹೊಂದುವ ಅಭ್ಯಾಸ ಪುಸ್ತಕಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಆದ್ದರಿಂದ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಟಿಪ್ಪಣಿಗಳನ್ನೂ ನಾವೇ ಮುದ್ರಿಸಿಕೊಳ್ಳಬೇಕಾಗುತ್ತದೆ. ಆಗ ಕಾಗದದ ಆಯ್ಕೆ ಮುಖ್ಯವಾಗುತ್ತದೆ. ‘ದ್ದ’ ಮತ್ತು ‘ದ್ಧ’ಗಳ ನಡುವಿನ ವ್ಯತ್ಯಾಸ ಒತ್ತಿನ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಅದು ಮಸುಕಾದರೆ ಮಗು ‘ಬುದ್ಧಿ’ಯನ್ನು ತಪ್ಪಾಗಿಯೇ ಕಲಿಯುತ್ತದೆ.

ಲೇಸರ್ ಯಂತ್ರದಲ್ಲಿ ದ್ರವರೂಪದ ಶಾಯಿ ಇರುವುದಿಲ್ಲ. ಟೋನರ್ ಎಂಬ ಪ್ಲಾಸ್ಟಿಕ್ ಮಿಶ್ರಿತ ನುಣುಪಾದ ಪುಡಿ ವಿದ್ಯುದಾವೇಶದಿಂದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರುಳೆ ಅದನ್ನು ಕರಗಿಸಿ ಕೂರಿಸುತ್ತದೆ. ಹೀಗಾಗಿ ಕಾಗದ ನಯವಾಗಿ, ಒಣಗಿ, ಬಿಸಿ ತಾಳುವಂತಿರಬೇಕು. ಒರಟು ಕಾಗದದ ತಗ್ಗುಗಳಲ್ಲಿ ಪುಡಿ ಸರಿಯಾಗಿ ಕೂರುವುದಿಲ್ಲ. ಇಂಕ್‌ಜೆಟ್‌ಗೆಂದೇ ತಯಾರಿಸಿದ ಹೊಳಪಿನ ಕಾಗದದ ಲೇಪ ಕರಗಿ ಉರುಳೆಗೆ ಅಂಟಬಹುದು. ಅದನ್ನು ಎಂದಿಗೂ ಹಾಕಬಾರದು.

ದಿನನಿತ್ಯದ ಬಳಕೆಗೆ 70ರಿಂದ 80 ಜಿಎಸ್‌ಎಂ ಕಾಗದ ಸಾಕು. ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕವೇ ಜಿಎಸ್‌ಎಂ. ಎರಡೂ ಬದಿ ಮುದ್ರಿಸುವುದಾದರೆ ಹಿಂಬದಿಯ ಅಕ್ಷರ ಹೆಚ್ಚು ತೋರದ 80 ಜಿಎಸ್‌ಎಂ ಲೇಸು. ಹೊದಿಕೆಯ ಮೇಲೆ ಬರೆದುದನ್ನು ತಕ್ಕಡಿಯಲ್ಲಿ ಪರೀಕ್ಷಿಸಬಹುದು: 500 ಹಾಳೆಗಳ ಎ4 ಕಟ್ಟು 80 ಜಿಎಸ್‌ಎಂ ಆದರೆ ಸುಮಾರು 2.5 ಕಿಲೋ, 70 ಆದರೆ ಸುಮಾರು 2.2 ಕಿಲೋ ತೂಗಬೇಕು. ಕಬ್ಬಿನ ಸಿಪ್ಪೆಯ ಕಾಗದ ಕೀಳೆಂಬ ಭಾವನೆ ಬೇಡ. ನಮ್ಮ ನೆರೆಯ ಕರೂರು ಜಿಲ್ಲೆಯ ಕಾಗಿತಪುರಂನಲ್ಲಿರುವ ಟಿಎನ್‌ಪಿಎಲ್ ಕಾರ್ಖಾನೆ ಅದರಿಂದಲೇ ಮುದ್ರಣ ಕಾಗದ ತಯಾರಿಸುತ್ತದೆ.

ಬೆಟ್ಟದ ಮಳೆ, ಮಂಜುಗಳ ದಿನಗಳಲ್ಲಿ ತೇವವೇ ದೊಡ್ಡ ಶತ್ರು. ತೇವ ಹೀರಿದ ಹಾಳೆ ಬಿಸಿಗೆ ಸುರುಳಿಯಾಗುತ್ತದೆ, ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ; ವಿದ್ಯುದಾವೇಶ ಸೋರಿ ಅಕ್ಷರ ಮಂಕಾಗುತ್ತದೆ. ಬೇಕಾದಷ್ಟು ಹಾಳೆಗಳನ್ನು ಮಾತ್ರ ತಟ್ಟೆಯಲ್ಲಿಟ್ಟು, ಉಳಿದುದನ್ನು ಅದರ ಹೊದಿಕೆಯಲ್ಲೇ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನೆಲದಿಂದ ಮೇಲೆ ಮಲಗಿಸಿಡಬೇಕು. ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ಮೊದಲು ಮುದ್ರಿಸಬೇಕಾದ ಬದಿಯನ್ನು ಸೂಚಿಸುತ್ತದೆ.

ನೋಟ್‌ಬುಕ್ಕಿನಿಂದ ಹರಿದ ಹಾಳೆ, ಪಿನ್ನು ಉಳಿದ ಹಳೆಯ ಕಾಗದ, ಅಂಚು ಸಮವಿಲ್ಲದಂತೆ ಕತ್ತರಿಸಿದ ಕಾಗದ, ಇವು ಯಾವುವೂ ಬೇಡ. ಅವುಗಳಿಂದ ಉಳಿಯುವ ಕೆಲವು ರೂಪಾಯಿಗಳಿಗಿಂತ ಯಂತ್ರದ ರಿಪೇರಿ ದುಬಾರಿ.

ಅಂಗಡಿಯಲ್ಲಿ ಮುದ್ರಿಸಿಕೊಳ್ಳುವವರು ಮೊದಲು ಒಂದೇ ಹಾಳೆ ತೆಗೆಸಿ, ಬೆರಳಿನಿಂದ ಉಜ್ಜಿ ನೋಡಲಿ. ಪುಡಿ ಉದುರದೆ, ‘ರಾಷ್ಟ್ರ’ದ ಎರಡೂ ಒತ್ತುಗಳು ಸ್ಪಷ್ಟವಾಗಿ ಕಂಡರೆ ಉಳಿದ ಪುಟಗಳನ್ನು ಮುದ್ರಿಸಲು ಹೇಳಬಹುದು.