ವಿಮಾನದ ಕಾರ್ಡು: ಇಟ್ಟುಕೊಳ್ಳೋಣವೇ, ಬಿಡೋಣವೇ?

ಮಕ್ಕಳು ದೆಹಲಿ, ಮುಂಬಯಿಗಳಲ್ಲಿ ಕೆಲಸಕ್ಕಿರುವ ಬೆಳೆಗಾರರ ಮನೆಗಳಲ್ಲಿ ವಿಮಾನ ಕಂಪೆನಿಯ ಹೆಸರು ಹೊತ್ತ ಕ್ರೆಡಿಟ್ ಕಾರ್ಡು ಈಗ ಅಪರೂಪವಲ್ಲ. ವಾರ್ಷಿಕ ಶುಲ್ಕ ತೆತ್ತು ಇದನ್ನು ಮುಂದುವರಿಸಬೇಕೇ ಎಂದು ಕೆಲವು ಸದಸ್ಯ ಬಾಂಧವರು ನಮ್ಮನ್ನು ಕೇಳಿದ್ದಾರೆ.

ಪಂಪುಸೆಟ್ಟು ಕೊಳ್ಳುವಾಗ ಬೆಲೆಯನ್ನೂ ಅದು ಎತ್ತುವ ನೀರನ್ನೂ ತೂಗಿ ನೋಡುವ ನಾವು ಇಲ್ಲಿಯೂ ಹಾಗೆಯೇ ನೋಡಬೇಕು. ಶುಲ್ಕ 3,000 ರೂ. ಎಂದಿಟ್ಟುಕೊಳ್ಳೋಣ. ಶೇ. 18 ಜಿ.ಎಸ್.ಟಿ. ಸೇರಿ 3,540 ರೂ. ಆಯಿತು. ಪ್ರತಿಯಾಗಿ ಸಿಗುವ ‘ಉಚಿತ’ ಟಿಕೆಟಿನಲ್ಲಿ ಅನೇಕ ವೇಳೆ ಮೂಲ ದರವಷ್ಟೇ ಮಾಫಿ; ತೆರಿಗೆಯನ್ನು ನಾವೇ ತೆರಬೇಕು. ಕೊಯ್ಲು ಬಿಟ್ಟು ಹೊರಡಲಾಗದೆ ಅದರ ಅವಧಿ ಮುಗಿದರೆ ಲಾಭ ಸೊನ್ನೆ. ಆದ್ದರಿಂದ ಹೋದ ವರ್ಷ ನಿಜವಾಗಿ ಬಳಸಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕೂಡಿಟ್ಟ ಪಾಯಿಂಟು ಠೇವಣಿಯಲ್ಲ. 2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಪಾಯಿಂಟುಗಳು ಬೇರೆ ಯೋಜನೆಗೆ ವರ್ಗವಾದುದನ್ನು ನೆನೆಯಬಹುದು.

ಎಲ್ಲಕ್ಕಿಂತ ಮುಖ್ಯ, ಬಾಕಿ. ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ. 42! ಫಸಲಿನ ಹಣ ಬಂದ ಮೇಲೆ ತೀರಿಸುವವರಿಗೆ ಈ ಕಾರ್ಡು ತಕ್ಕುದಲ್ಲ.

ಬೇಡವೆನಿಸಿದರೆ ಶುಲ್ಕ ಬೀಳುವ ಮುನ್ನವೇ ಪಾಯಿಂಟು ಬಳಸಿ, ಬಾಕಿ ತೀರಿಸಿ, ಬರಹದಲ್ಲಿ ತಿಳಿಸಿ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದಂತೆ, ಬಾಕಿಯಿಲ್ಲದ ಕಾರ್ಡನ್ನು 7 ಕೆಲಸದ ದಿನಗಳೊಳಗೆ ರದ್ದುಪಡಿಸಬೇಕು; ತಡವಾದರೆ ದಿನಕ್ಕೆ 500 ರೂ. ಗ್ರಾಹಕನಿಗೆ ಸಲ್ಲಬೇಕು.

ವರ್ಷಕ್ಕೆರಡು ಬಾರಿಯಾದರೂ ಅದೇ ವಿಮಾನ ಹತ್ತುವವರು ಲೆಕ್ಕ ಹಾಕಿ ಇಟ್ಟುಕೊಳ್ಳಲಿ. ಉಳಿದವರಿಗೆ ಆ ಹಣ ತೋಟದ ಗೊಬ್ಬರಕ್ಕಾದರೂ ಆದೀತು.